ಲಿಂಗನಮಕ್ಕಿ ಹಿನ್ನೀರಿಗೆ ಕಯಾಕ್: ಇಲ್ಲಿಯವರೆಗಿನ ಹುಡುಕಾಟ

ಜನವರಿ

ಈ ವರ್ಷ ಮೀನು ಹಿಡಿಯಲು ಒಂದು ಕಯಾಕ್, ಅಂದರೆ ಒಬ್ಬರು ಕೂತು ಹೋಗುವಂಥ ಸಣ್ಣ ದೋಣಿ, ಕೊಳ್ಳುವುದು ಎಂದು ತೀರ್ಮಾನವಾಗಿದೆ. ದಡದಲ್ಲೇ ಕೂತು ಗಾಳ ಹಾಕಿದರೆ ಹಿನ್ನೀರಿನ ಒಳ್ಳೆಯ ಜಾಗಗಳು ಕೈಗೆ ಸಿಗುವುದಿಲ್ಲ. ಮುಳುಗಿದ ಮರಗಳ ಬುಡ, ನಡುಗಡ್ಡೆಗಳ ಆಚೆ ಬದಿ, ಇವೆಲ್ಲ ದೂರ. ದೋಣಿ ಕಟ್ಟಿಡಲು ನನಗೆ ದಡದಲ್ಲಿ ಜಾಗವಿಲ್ಲ. ಸಾಗರದ ಮನೆಯಿಂದ ಪ್ರತಿ ಸಲ ಕಾರಿನ ಮೇಲೆ ಹೇರಿಕೊಂಡೇ ಹೋಗಬೇಕು. ಒಟ್ಟು ಬಜೆಟ್ 40 ಸಾವಿರ. ಹುಟ್ಟು, ಲೈಫ್ ಜಾಕೆಟ್, ಕಟ್ಟುವ ಪಟ್ಟಿ ಎಲ್ಲ ಇದರಲ್ಲೇ ಬರಬೇಕು.

ಹಾಗಾಗಿ ಪೆಡಲ್ ಕಯಾಕ್ ಮೊದಲೇ ಹೊರಗೆ ಹೋಯಿತು. ಕಾಲಲ್ಲಿ ತುಳಿದು ಎರಡೂ ಕೈ ಗಾಳಕ್ಕೆ ಬಿಡುವ ಅನುಕೂಲ ದೊಡ್ಡದೇ. ಆದರೆ ಬೆಲೆ ಲಕ್ಷ ದಾಟುತ್ತದೆ. ಮೇಲಾಗಿ ಅದರ ಪ್ರೊಪೆಲ್ಲರ್ ನೀರೊಳಗೆ ಇಳಿದಿರುತ್ತದೆ, ಬೊಡ್ಡೆಗಳಿರುವ ನೀರಿಗೆ ಅದು ಬೇಡ.

ಫೆಬ್ರವರಿ

ಗಾಳಿ ತುಂಬುವ ಕಯಾಕ್ ಬಗ್ಗೆ ಸುಮಾರು ದಿನ ಯೋಚಿಸಿದೆ. ಅಗ್ಗ, ಹಗುರ, ಮಡಚಿ ಡಿಕ್ಕಿಗೆ ಹಾಕಬಹುದು. ಇಂಟೆಕ್ಸ್ ಎಕ್ಸ್‌ಪ್ಲೋರರ್ ಕೆ2 ಥರದ್ದು ಹತ್ತು ಅಡಿ ಉದ್ದ, ಮೂರು ಅಡಿ ಅಗಲ. ಒಂದು ಕೋಣೆ ತೂತಾದರೂ ಉಳಿದ ಕೋಣೆಗಳು ತೇಲಿಸುತ್ತವೆ. ಕೆರೆಯಲ್ಲಿ ಆಡಲು ಅದು ಚೆನ್ನಾಗಿಯೇ ಇರುತ್ತದೆ.

ನಮ್ಮ ನೀರೇ ಬೇರೆ, ಅಲ್ವಾ? ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಆಗ ಕಾಡು, ತೋಟ, ಊರುಗಳೆಲ್ಲ ಮುಳುಗಿದವು. ಆ ಮರಗಳ ಮೋಟುಗಳು ಇನ್ನೂ ನಿಂತಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ಅವು ಕಣ್ಣಿಗೆ ಕಾಣುತ್ತವೆ. ಜಲಾಶಯದ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಅದರ ಹತ್ತಿರ ನೀರು ಬಂದಾಗ ಅದೇ ಮೋಟುಗಳು ಮೇಲ್ಮೈಯಿಂದ ಒಂದು ಗೇಣು ಕೆಳಗಿರಬಹುದು. ಗಾಳ, ಚೂರಿ, ಮೀನಿನ ಮುಳ್ಳು ಬೇರೆ ನಮ್ಮ ಜೊತೆಗೇ ಇರುತ್ತವೆ. ಬಿಸಿಲಿಗೆ ಗಾಳಿ ಹಿಗ್ಗುವುದನ್ನೂ ನೋಡಿಕೊಳ್ಳಬೇಕು. ಇನ್ನೊಂದು ತೊಂದರೆ ಎಂದರೆ, ಹಗುರವಾದ್ದರಿಂದ ಮಧ್ಯಾಹ್ನದ ಗಾಳಿಗೆ ಅದು ಹೇಳಿದ ಮಾತು ಕೇಳುವುದಿಲ್ಲ. ನನಗೆ ಬೇಕಾದದ್ದು ಪಾಲಿಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನದ್ದು. ಮೋಟಿಗೆ ಉಜ್ಜಿದರೆ ಗೀರು ಬೀಳುತ್ತದೆ, ಅಷ್ಟೇ.

ಒಳಗೆ ಕೂರುವುದೋ, ಮೇಲೆ ಕೂರುವುದೋ ಎಂಬ ಪ್ರಶ್ನೆಗೆ ಜಾಸ್ತಿ ಹೊತ್ತು ಹಿಡಿಯಲಿಲ್ಲ. ಒಳಗೆ ಕೂರುವ ಕಯಾಕ್ ಮಗುಚಿದರೆ ನೀರು ತುಂಬಿಕೊಳ್ಳುತ್ತದೆ. ಒಬ್ಬನೇ ಅದನ್ನು ಖಾಲಿ ಮಾಡುವುದು ಕಷ್ಟ. ಮೇಲೆ ಕೂರುವುದರಲ್ಲಿ ತಳದ ತೂತುಗಳಿಂದ ನೀರು ತಾನಾಗಿ ಇಳಿದುಹೋಗುತ್ತದೆ. ತಿರುಗಿಸಿ ಮತ್ತೆ ಹತ್ತಬಹುದು. ಹೊಸಬರಿಗೆ ಇದೇ ಸರಿ ಎಂದು ನನಗನಿಸುತ್ತದೆ.

ಮಾರ್ಚ್

ಹಿನ್ನೀರಿನ ದಡದ ಹೊನ್ನೆಮರಡುವಿನಲ್ಲಿ ಕಿರಿದಾದ ಕಯಾಕ್ ಒಂದನ್ನು ಹತ್ತಿ ನೋಡಿದೆ. ನೇರ ಹೋಗುವುದರಲ್ಲಿ ಅದು ಬಹಳ ಚೆಂದ. ಆದರೆ ಮೈ ತಿರುಗಿಸಿ ಹಿಂದಿನ ಚೀಲಕ್ಕೆ ಕೈ ಹಾಕಿದಾಗ ಅದು ವಾಲಿದ ರೀತಿ ನೋಡಿ ಅಗಲದ ಬೆಲೆ ಗೊತ್ತಾಯಿತು. ಮೀನು ಹಿಡಿಯುವವನು ಸುಮ್ನೆ ಮುಂದೆ ನೋಡಿ ಕೂರುವುದಿಲ್ಲ. ಅದಕ್ಕೇ ಅಗಲ 32 ಇಂಚಿಗೆ ಕಡಿಮೆ ಬೇಡ, ಉದ್ದ 10 ಅಡಿ ಸಾಕು ಎಂದು ಗಟ್ಟಿ ಮಾಡಿಕೊಂಡೆ. ವೇಗ ಸ್ವಲ್ಪ ಹೋಗುತ್ತದೆ, ಹೋಗಲಿ. ಅಗಲ ಹೆಚ್ಚಿದ್ದರಿಂದ ಹುಟ್ಟು 240 ಸೆಂಟಿಮೀಟರ್‌ನದ್ದು ಬೇಕು. ಗಿಡ್ಡವಾದರೆ ಕೈಬೆರಳು ಅಂಚಿಗೆ ತಾಗುತ್ತಿರುತ್ತದೆ.

ಭಾರದ ಲೆಕ್ಕ: ನಾನು 78 ಕೆ.ಜಿ., ಸಾಮಾನು 15. ಕಂಪನಿ ಹೇಳುವ ಗರಿಷ್ಠ ಭಾರದ ಮೂರನೇ ಎರಡು ಪಾಲಿನೊಳಗೆ ಇದ್ದರೆ ಕಯಾಕ್ ನೀರಿನ ಮೇಲೆ ಸರಿಯಾಗಿ ಕೂರುತ್ತದೆ. ಅಂದರೆ 140 ಕೆ.ಜಿ. ತಡೆಯುವಂಥದ್ದು ಬೇಕು.

ಇನ್ನು ಹೊರುವುದು. ಇಂಥ ಕಯಾಕ್ ಸುಮಾರು 25 ಕೆ.ಜಿ. ಇರುತ್ತದೆ, ಅರ್ಧ ಸಿಮೆಂಟ್ ಚೀಲದಷ್ಟು. ಭಾರಕ್ಕಿಂತ ಅದರ ಉದ್ದ, ಅಗಲ ಕಷ್ಟ ಕೊಡುತ್ತವೆ. ನವೆಂಬರಿನಲ್ಲಿ ರಸ್ತೆಯ ಪಕ್ಕದಲ್ಲೇ ನೀರು. ಏಪ್ರಿಲ್ ಹೊತ್ತಿಗೆ ಅದೇ ಜಾಗದಲ್ಲಿ ಒಡೆದ ಮಣ್ಣಿನ ಮೇಲೆ ಎಷ್ಟೋ ದೂರ ನಡೆಯಬೇಕು. ಹಾಗಾಗಿ ಅಗಲ ಗಾಲಿಯ ಒಂದು ಚಿಕ್ಕ ಗಾಡಿಯನ್ನೂ ಲೆಕ್ಕಕ್ಕೆ ಸೇರಿಸಿದ್ದೇನೆ. ನಮ್ಮ ವ್ಯಾಗನ್ ಆರ್ ಉದ್ದವೇ ಹತ್ತಿರಹತ್ತಿರ 12 ಅಡಿ, ಅದರ ಮೇಲೆ 10 ಅಡಿಯದ್ದು ಕೂರುತ್ತದೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯದೆ ಆಚೆ ದಡದ ತುಮರಿ ಕಡೆಗೂ ಹೀಗೇ ಹೋಗಬಹುದು.

ಏಪ್ರಿಲ್

ಲೈಫ್ ಜಾಕೆಟ್ ಮೊದಲು ಕೊಂಡೆ. 50 ನ್ಯೂಟನ್ (ತೇಲಿಸುವ ಬಲದ ಅಳತೆ) ಎಂದು ಬರೆದಿರುವುದು ಈಜು ಬರುವವರಿಗೆ ತೇಲಲು ಸಹಾಯ ಮಾಡುವಂಥದ್ದು. ಈಜು ಬಾರದವರು 100 ಅಥವಾ ಮೇಲಿನದ್ದನ್ನೇ ಕೇಳಬೇಕು. ನನಗೆ ಈಜು ಬರುತ್ತದೆ, ಆದರೂ ಒಬ್ಬನೇ ಹೋಗುವವನಾದ್ದರಿಂದ 100ರದ್ದನ್ನು ತಂದೆ. ಜೊತೆಗೊಂದು ಸೀಟಿ.

ಎಲ್ಲಿ ಗಾಳ ಹಾಕಬಹುದು ಎಂಬುದೂ ಕಯಾಕ್‌ನಷ್ಟೇ ಮುಖ್ಯ. ಹಿನ್ನೀರಿನ ಕೆಲವು ಭಾಗ ಶರಾವತಿ ಅಭಯಾರಣ್ಯಕ್ಕೆ ಸೇರಿದೆ. ಲಕ್ಕವಳ್ಳಿಯ ಭದ್ರಾ ಹಿನ್ನೀರು ಹುಲಿ ಸಂರಕ್ಷಿತ ಪ್ರದೇಶಕ್ಕೆ ತಾಗಿಕೊಂಡಿದೆ. ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಿ ಮೀನು ಮುಟ್ಟುವಂತೆಯೇ ಇಲ್ಲ. ಊರ ಕೆರೆಗಳು ಹೆಚ್ಚಾಗಿ ಗುತ್ತಿಗೆಯಲ್ಲಿರುತ್ತವೆ. ಮೀನುಗಾರಿಕೆ ಇಲಾಖೆಯಲ್ಲೂ ಅರಣ್ಯ ಇಲಾಖೆಯಲ್ಲೂ ಕೇಳಿಕೊಂಡೇ ನೀರಿಗಿಳಿಯುತ್ತೇನೆ. ಬಲೆ ಬಿಟ್ಟವರ ಜಾಗದಿಂದ ದೂರ ಇರುವುದು ನನ್ನದೇ ನಿಯಮ. ಅದು ಅವರ ಅನ್ನ.

ಕಿತ್ತಳೆ ಬಣ್ಣದ, ಗಾಳದ ಕೋಲು ಸಿಗಿಸಲು ಬರೀ ಎರಡು ರಾಡ್ ಹೋಲ್ಡರ್ ಇರುವ, ಒಮ್ಮೆ ಬಳಸಿದ ಕಯಾಕ್ ಒಂದಕ್ಕೆ ಮುಂಗಡ ಕೊಟ್ಟಿದ್ದೇನೆ. ತಳ, ತೂತುಗಳ ಸುತ್ತಮುತ್ತ ಬಿರುಕಿದೆಯಾ ಎಂದು ಬಿಸಿಲಿಗೆ ಹಿಡಿದು ನೋಡಿದೆ, ಇಲ್ಲ. ಮಳೆ ಬಿದ್ದು ಹತ್ತುಮೀನು (ಹೊಸ ನೀರಿಗೆ ಎದುರಾಗಿ ಹತ್ತುವ ಮೀನು) ಏರುವ ದಿನಗಳಲ್ಲಿ ಗಾಳ ಮನೆಯಲ್ಲೇ ಇರುತ್ತದೆ. ಮೊಟ್ಟೆ ಇಡಲು ಹೊರಟ ಮೀನನ್ನು ಹಿಡಿಯಲು ಮನಸ್ಸಿಲ್ಲ. ಅಲ್ಲಿಯವರೆಗೆ ಎದೆಮಟ್ಟದ ನೀರಿನಲ್ಲಿ ಬೇಕೆಂದೇ ಮಗುಚಿ, ಮತ್ತೆ ಹತ್ತುವ ಅಭ್ಯಾಸ ಮಾಡಬೇಕು. ಗಾಡಿಗೆ ಗಾಲಿ ಇನ್ನೂ ಸಿಕ್ಕಿಲ್ಲ.