ಬರ್ಲಿನ್‌ನ ಬಾಡಿಗೆ ಮನೆ, ಕೊಡಗಿನ ಲೈನ್ ಮನೆ

ಯೂರೋಪಿನಲ್ಲಿ ಸಮಾಜವಾದಿ ಕ್ರಾಂತಿಯ ಮಾತು ಇನ್ನೂ ಉಳಿದಿದೆಯೇ ಎಂದು ಕೊಡಗಿನ ಸಿದ್ದಾಪುರ, ಪಾಲಿಬೆಟ್ಟದ ಕಡೆಯ ಗೆಳೆಯರು ಆಗಾಗ ಕೇಳುತ್ತಾರೆ. ನಾನು ನೆಲೆಸಿರುವ ಬರ್ಲಿನ್‌ನಲ್ಲಿ ಅದು ಉಳಿದಿದೆ, ಮನೆ ಬಾಡಿಗೆಯ ಪ್ರಶ್ನೆಯ ಮೂಲಕ ಸಾಮಾನ್ಯರ ಅಂಗಳಕ್ಕೂ ಬಂದಿದೆ. 3,000ಕ್ಕಿಂತ ಹೆಚ್ಚು ಮನೆಗಳಿರುವ ಕಂಪನಿಗಳ ವಸತಿ ಆಸ್ತಿಯನ್ನು ಪರಿಹಾರ ಕೊಟ್ಟು ಸಾರ್ವಜನಿಕ ಒಡೆತನಕ್ಕೆ ತರಬೇಕೆಂಬ ಪ್ರಸ್ತಾವವನ್ನು 2021ರ ಸೆಪ್ಟೆಂಬರ್ 26ರ ಜನಮತ ಸಂಗ್ರಹದಲ್ಲಿ 10 ಲಕ್ಷಕ್ಕೂ ಹೆಚ್ಚು ಮಂದಿ ಒಪ್ಪಿದರು. ಸಿಂಧು ಮತಗಳಲ್ಲಿ ಅದು ಶೇ. 59. ಇದು ಸಂವಿಧಾನಬದ್ಧವಾಗಿಯೇ ಸಾಧ್ಯವೆಂದು ಬರ್ಲಿನ್ ಸರ್ಕಾರ ನೇಮಿಸಿದ್ದ ತಜ್ಞರ ಆಯೋಗವು 2023ರಲ್ಲಿ ಹೇಳಿತು. ಆದರೂ ಮನೆಗಳು ಕಂಪನಿಗಳ ಕೈಯಲ್ಲಿಯೇ ಉಳಿದಿವೆ.

ಗೆದ್ದ ಮತವನ್ನು ಜಾರಿಗೆ ತರುವ ಬಲ ಯಾವುದು ಎಂಬುದೇ ಇಲ್ಲಿನ ಎಡಪಂಥೀಯರ ಇಂದಿನ ಚರ್ಚೆಯ ತಿರುಳು. ಈ ಚರ್ಚೆ ಹಳೆಯದು. ಶಿಸ್ತಿನ ಕ್ರಾಂತಿಕಾರಿ ಪಕ್ಷವು ಮೊದಲು ಇರಬೇಕೆಂದು ಲೆನಿನ್ 1902ರಲ್ಲಿ ವಾದಿಸಿದರೆ, 1905ರ ರಷ್ಯಾದ ಮುಷ್ಕರಗಳನ್ನು ಅಭ್ಯಸಿಸಿದ ಸಮಾಜವಾದಿ ಚಿಂತಕಿ ರೋಸಾ ಲಕ್ಸೆಂಬರ್ಗ್, ಹೋರಾಟದೊಳಗಿಂದಲೇ ಸಂಘಟನೆ ಬೆಳೆಯುತ್ತದೆ ಎಂದು ಮರುವರ್ಷ ಬರೆದರು. ಸಂಘಟನೆಯ ಗಾತ್ರವೊಂದೇ ಸಾಲದು ಎಂಬುದಕ್ಕೆ ಜರ್ಮನಿಯೇ ಸಾಕ್ಷಿ: 1912ರ ಚುನಾವಣೆಯಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮತ ಪಡೆದಿದ್ದ, ಕಾರ್ಮಿಕರ ಪಕ್ಷವಾದ ಸೋಷಿಯಲ್ ಡೆಮಾಕ್ರಟಿಕ್ ಪಕ್ಷವು 1914ರ ಆಗಸ್ಟ್ 4ರಂದು ಮೊದಲ ಮಹಾಯುದ್ಧದ ಸಾಲಕ್ಕೆ ಸಂಸತ್ತಿನಲ್ಲಿ ಕೈಯೆತ್ತಿತು.

ಬಾಡಿಗೆದಾರರ ಚಳವಳಿಯಲ್ಲಿ ನನಗೆ ಹೆಚ್ಚು ಮಹತ್ವದ್ದೆನಿಸಿದ್ದು ಬೀದಿಬೀದಿಗೂ ಇರುವ ಸಣ್ಣ ತಂಡಗಳು, ಮನೆ ಬಾಗಿಲಿಗೆ ಹೋಗಿ ಕುಳಿತು ಕೇಳಿಸಿಕೊಳ್ಳುವ ಅವರ ತಾಳ್ಮೆ. ನನ್ನಂಥ ವಿದೇಶಿಯರಿಗೆ ಇಲ್ಲಿ ಮತದ ಹಕ್ಕಿಲ್ಲ, ಬಾಡಿಗೆಯನ್ನು ಮಾತ್ರ ಎಲ್ಲರಂತೆ ಕಟ್ಟುತ್ತೇವೆ. ಆ ತಂಡಗಳಲ್ಲಿ ನಮಗೂ ಜಾಗವಿದೆ.

ಇದನ್ನು ನೋಡುವಾಗ ನನ್ನ ಮನಸ್ಸು ಕೊಡಗಿನ ತೋಟಗಳ ಲೈನ್ ಮನೆಗಳ, ಅಂದರೆ ಕಾರ್ಮಿಕರಿಗಾಗಿ ಮಾಲೀಕರು ಕಟ್ಟಿಸಿದ ಸಾಲುಮನೆಗಳ ಕಡೆಗೇ ಹೋಗುತ್ತದೆ. ಕಾರ್ಮಿಕರಿಗೆ ವಸತಿ ಒದಗಿಸುವ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯ್ದೆ ಮಾಲೀಕರ ಮೇಲೆ ಹೊರಿಸಿತು. ಅದು ಆ ಕಾಲಕ್ಕೆ ದೊಡ್ಡ ಗೆಲುವೇ ಹೌದು. ಆದರೆ ಕೂಲಿ ಕೊಡುವ ಕೈಯಲ್ಲಿಯೇ ಮನೆಯ ಕೀಲಿಯೂ ಇರುವಾಗ, ಕುಯ್ಲಿನ ಸಮಯದಲ್ಲಿ ಕೆಲಸ ನಿಲ್ಲಿಸಿ ಹೆಚ್ಚು ಕೂಲಿ ಕೇಳುವ ಯರವ ಅಥವಾ ಪಣಿಯ ಆದಿವಾಸಿ ಕುಟುಂಬವು ಸೂರನ್ನೂ ಪಣಕ್ಕಿಡಬೇಕಾಗುತ್ತದೆ. ಬರ್ಲಿನ್‌ನ ಬಾಡಿಗೆದಾರ ಕಂಪನಿಯನ್ನು ಎದುರಿಸಿದರೆ ಅವನ ನೌಕರಿಗೆ ಅಪಾಯವಿಲ್ಲ. ನಮ್ಮ ಕಾರ್ಮಿಕರಿಗೆ ಎರಡೂ ಒಟ್ಟಿಗೆ ಹೋಗುತ್ತವೆ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ ಅವರು ಕದಲದೆ ಕುಳಿತದ್ದು ಈ ಕಾರಣಕ್ಕೇ: ಸ್ವಂತ ನಿವೇಶನವೆಂದರೆ ಅವರಿಗೆ ತೋಟದ ಹಂಗಿಲ್ಲದೆ ಮಾತಾಡುವ ಸ್ವಾತಂತ್ರ್ಯ.

ಆದ್ದರಿಂದ ಕೊಡಗಿನಲ್ಲಿ ಕೂಲಿಯ ಬೇಡಿಕೆಯನ್ನೂ ನಿವೇಶನದ ಬೇಡಿಕೆಯನ್ನೂ ಬೇರೆ ಬೇರೆ ಸಂಘಗಳಿಗೆ ಹಂಚಿಬಿಡುವುದು ತಂತ್ರದ ದೃಷ್ಟಿಯಿಂದ ದುರ್ಬಲವೆಂದು ನಾನು ನಂಬುತ್ತೇನೆ. ಏಜೆಂಟರ ಮೂಲಕ ಬಂದು ಅದೇ ಲೈನ್‌ಗಳಲ್ಲಿ ಇರುವ ಅಸ್ಸಾಮಿನ ಕಾರ್ಮಿಕರನ್ನು ಕೂಲಿ ಕೆಡಿಸುವವರೆಂದು ದೂರವಿಟ್ಟರೆ ಸಂಘವು ಅರ್ಧ ತೋಟದಲ್ಲೇ ನಿಂತುಬಿಡುತ್ತದೆ. ಅವರ ಭಾಷೆ ಬಲ್ಲ ಕಾರ್ಯಕರ್ತರನ್ನು ಅವರೊಳಗಿಂದಲೇ ಬೆಳೆಸುವ ಕೆಲಸವನ್ನು ಮುಂದಿನ ಕುಯ್ಲಿಗೆ ಮೊದಲೇ ಆರಂಭಿಸಬೇಕು.