ಸಂಜೆ ಆರರ ನಂತರದ ನೀರು

ಈ ಭಾನುವಾರ ಸಂಜೆ ವೃದ್ಧಾಶ್ರಮದಲ್ಲಿ ದೊಡ್ಡಮ್ಮನ ಮಂಚದ ಪಕ್ಕ ಕೂತಿದ್ದಾಗ ಅವಳು ನನ್ನ ಸೆರಗು ಜಗ್ಗಿ, "ಒಂದು ಗುಟುಕು ನೀರು ಕೊಡವ್ವ" ಎಂದಳು. ನೀರು ತುಂಬಿದ ಸ್ಟೀಲ್ ಚೊಂಬು ಕಿಟಕಿಯ ಕಟ್ಟೆಯ ಮೇಲಿತ್ತು. ಅವಳ ಕೈಗೆ ಮಾತ್ರ ಎಟುಕುವಂತಿರಲಿಲ್ಲ. ನಾನು ಲೋಟಕ್ಕೆ ಬಗ್ಗಿಸುತ್ತಿದ್ದಂತೆ ಪಕ್ಕದ ಹಾಸಿಗೆ ಸರಿಮಾಡುತ್ತಿದ್ದ ಆಯಾ ಬಂದು ನನ್ನ ಮುಂಗೈ ಹಿಡಿದರು. "ಅಕ್ಕಾ, ಆರು ಗಂಟೆ ಮ್ಯಾಲೆ ಅಜ್ಜಿಗೆ ನೀರು ಕೊಡಬ್ಯಾಡ್ರಿ. ರಾತ್ರಿ ಒಂದಕ್ಕೆ ಅಂತ ಎದ್ದು ಬಿದ್ರೆ ನಮ್ಮ ಮ್ಯಾಲೆ ಬರ್ತತಿ."

ಆ ಮಾತಿನಲ್ಲಿ ಸಿಡುಕು ಇರಲಿಲ್ಲ, ಉದಾಸೀನವೂ ಇರಲಿಲ್ಲ. ದೊಡ್ಡಮ್ಮನ ತಲೆ ಬಾಚಿ ಗಂಟು ಹಾಕುವವರು, ಅವಳಿಗೆ ಅನ್ನಕ್ಕಿಂತ ಮೆತ್ತಗೆ ನೆನೆಸಿದ ಮಂಡಕ್ಕಿಯೇ ಸೇರುತ್ತದೆಂದು ತಿಳಿದು ತಂದುಕೊಡುವವರು ಇವರೇ. ಅಂಥವರ ಬಾಯಿಂದ ಬಂದದ್ದಕ್ಕೇ ಆ ಮಾತು ನನ್ನನ್ನು ಇಷ್ಟು ಕಾಡುತ್ತಿದೆ. ಅಡುಗೆ ಮಾಡುವಾಗ, ರಾತ್ರಿ ನಿದ್ದೆ ಹತ್ತದೆ ಹೊರಳಾಡುವಾಗ ಅದೇ ಕೇಳಿಸುತ್ತದೆ: ಆರು ಗಂಟೆ ಮ್ಯಾಲೆ ಕೊಡಬ್ಯಾಡ್ರಿ.

ದಾವಣಗೆರೆಯ ಏಪ್ರಿಲ್ ಬಿಸಿಲನ್ನು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹಗಲೆಲ್ಲ ಕಾದ ತಾರಸಿ ರಾತ್ರಿ ಹತ್ತು ಹನ್ನೊಂದರವರೆಗೂ ಝಳ ಇಳಿಸುತ್ತಲೇ ಇರುತ್ತದೆ, ಫ್ಯಾನು ಆ ಬಿಸಿಗಾಳಿಯನ್ನೇ ತಿರುಗಿಸುತ್ತದೆ. ಅಂಥ ಕೋಣೆಯಲ್ಲಿ ಎಂಬತ್ತು ದಾಟಿದ ಜೀವವೊಂದು ಸಂಜೆ ಆರರಿಂದ ಬೆಳಿಗ್ಗೆ ಚಹಾ ಬರುವವರೆಗೆ, ಹನ್ನೆರಡು ತಾಸು, ನೀರಿಲ್ಲದೆ ಮಲಗಿರಬೇಕು. ನಾನು ಬಾಯಿ ತೆರೆಸಿ ನೋಡಿದೆ. ನಾಲಿಗೆಯ ನಡುವೆ ಉದ್ದಕ್ಕೆ ಸೀಳು ಬಿಟ್ಟಿತ್ತು, ತುಟಿಯ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟಿತ್ತು.

ಮರುದಿನ ಪರಿಚಯದ ವೈದ್ಯರೊಬ್ಬರನ್ನು ಕೇಳಿದೆ. ಮಲಗುವ ಮುಂಚಿನ ಒಂದೆರಡು ತಾಸು ನೀರನ್ನು ಸ್ವಲ್ಪ ಕಡಿಮೆ ಮಾಡುವುದರಲ್ಲಿ ತಪ್ಪಿಲ್ಲ, ಆದರೆ ಸಂಜೆಯಿಂದ ಬೆಳಗಿನವರೆಗೆ ಪೂರ್ತಿ ನಿಲ್ಲಿಸುವುದು ಅಪಾಯ ಎಂದರು. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮಂದವಾಗುತ್ತದೆ, ಮೂತ್ರಪಿಂಡಕ್ಕೆ ನೀರನ್ನು ಹಿಡಿದಿಡುವ ಶಕ್ತಿಯೂ ಕುಗ್ಗುತ್ತದೆ. ಆದ್ದರಿಂದ ಮುದುಕರು ತಾವಾಗಿಯೇ ನೀರು ಕೇಳುವ ಹೊತ್ತಿಗೆ ಮೈ ಆಗಲೇ ಒಣಗಿರುತ್ತದೆ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗಾಗಿ ವೈದ್ಯರು ಮಿತಿ ಹಾಕಿದ್ದರೆ ಬೇರೆ ಮಾತು. ಇಲ್ಲವಾದರೆ ವಯಸ್ಸಾದ ಹೆಂಗಸರಿಗೆ ನೀರು, ಮಜ್ಜಿಗೆ, ಗಂಜಿ, ಚಹಾ ಎಲ್ಲ ಸೇರಿ ದಿನಕ್ಕೆ ಸುಮಾರು 1.6 ಲೀಟರ್ ಬೇಕು. ಅದು ಸಿಗದಿದ್ದರೆ ಮಲಬದ್ಧತೆ, ಮೂತ್ರದ ಸೋಂಕು ಒಂದರ ಹಿಂದೆ ಒಂದು ಬರುತ್ತವೆ, ಕೆಲವರು ಇದ್ದಕ್ಕಿದ್ದ ಹಾಗೆ ಮತಿ ಕೆಟ್ಟವರಂತೆ ಮಾತಾಡತೊಡಗುತ್ತಾರೆ. ನನ್ನನ್ನು ಬೆಚ್ಚಿಬೀಳಿಸಿದ್ದು ಅವರ ಕೊನೆಯ ಮಾತು. ನೀರು ಕಡಿಮೆಯಾದ ಮೈಯಲ್ಲಿ, ಅದರಲ್ಲೂ ಬಿ.ಪಿ. ಮಾತ್ರೆ ನುಂಗುವವರಲ್ಲಿ, ಎದ್ದು ನಿಂತ ಕೂಡಲೇ ರಕ್ತದ ಒತ್ತಡ ಕುಸಿದು ತಲೆ ಸುತ್ತುತ್ತದೆ, ಬೀಳುತ್ತಾರೆ. ಬೀಳದಿರಲೆಂದು ತಡೆಹಿಡಿದ ನೀರೇ ಬೀಳಿಸಬಹುದು. ಅಲ್ಲದೆ, ಹಗಲೆಲ್ಲ ಕಾಲಿನಲ್ಲಿ ಬಾವಾಗಿ ನಿಂತ ನೀರು ಮಲಗಿದಾಗ ರಕ್ತಕ್ಕೆ ಮರಳುವುದರಿಂದ ಮುದುಕರು ನೀರು ಕುಡಿಯಲಿ ಬಿಡಲಿ, ರಾತ್ರಿ ಏಳಲೇಬೇಕಾಗುತ್ತದೆ.

ಹಾಗಾದರೆ ಈ ನಿಯಮ ಬಂದದ್ದೆಲ್ಲಿಂದ? ಆಯಾ ಅವರೇ ಹೇಳಿದರು. ಹೋದ ವರ್ಷ ಅಜ್ಜರೊಬ್ಬರು ರಾತ್ರಿ ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರಂತೆ. ಮಕ್ಕಳು ಕಾರು ತುಂಬ ಬಂದು ಕೂಗಾಡಿ, ಪೊಲೀಸರಿಗೆ ದೂರು ಕೊಡುತ್ತೇವೆಂದು ಹೆದರಿಸಿ, ಆ ರಾತ್ರಿ ಇದ್ದ ಆಯಾಳನ್ನು ಕೆಲಸದಿಂದ ತೆಗೆಸಿಯೇ ಹೋದರಂತೆ. ನನ್ನ ತಮ್ಮನೂ, ದೊಡ್ಡಮ್ಮನ ಮಗ, ಅವಳನ್ನು ಇಲ್ಲಿ ಸೇರಿಸುವಾಗ ಒತ್ತಿ ಹೇಳಿದ್ದು ಒಂದೇ ಮಾತು: "ಅವ್ವ ಬೀಳದಂಗೆ ನೋಡ್ಕಳ್ರಿ." ಅವನು ಕೆಟ್ಟವನಲ್ಲ. ಬೆಂಗಳೂರಿನಿಂದ ತಿಂಗಳ ಹಣ ಒಂದು ದಿನವೂ ತಡವಾಗದಂತೆ ಕಳಿಸುತ್ತಾನೆ. ಆದರೆ ಬಿದ್ದದ್ದು ಎಲ್ಲರ ಕಣ್ಣಿಗೆ ಕಾಣುತ್ತದೆ, ಎಕ್ಸ್‌ರೇ ಬರುತ್ತದೆ, ಬಿಲ್ಲು ಬರುತ್ತದೆ. ದಿನದಿನವೂ ಒಣಗುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೊನೆಗೊಂದು ದಿನ ಜ್ವರವೋ ಸೋಂಕೋ ಬಂದರೆ "ವಯಸ್ಸಾಗಿತ್ತು" ಎಂದು ನಾವೇ ಸಮಾಧಾನ ಮಾಡಿಕೊಳ್ಳುತ್ತೇವೆ. ಯಾವುದಕ್ಕೆ ಜಗಳ ಬರುತ್ತದೋ ಅದನ್ನು ತಡೆಯುವುದನ್ನಷ್ಟೇ ಆಶ್ರಮ ಕಲಿತಿದೆ.

ಬಾಗಿಲ ಬಳಿ ನೇತುಹಾಕಿದ್ದ ನೋಂದಣಿ ಪುಸ್ತಕವನ್ನು ತೆರೆದು ನೋಡಿದೆ. ಮಾತ್ರೆ, ಊಟ, ಸ್ನಾನ, ಬಿದ್ದದ್ದು ಎಂದು ನಾಲ್ಕು ಕಾಲಂಗಳು. "ಬಿದ್ದದ್ದು" ಎಂಬುದರ ಕೆಳಗೆ ಪ್ರತಿದಿನವೂ "ಇಲ್ಲ" ಎಂದು ಅಚ್ಚುಕಟ್ಟಾಗಿ ಬರೆದಿತ್ತು. ನೀರಿಗೊಂದು ಕಾಲಂ ಇರಲಿಲ್ಲ. ಮಲಗಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿದ್ದನ್ನು ಬರೆಯುವ ಜಾಗವೂ ಇರಲಿಲ್ಲ.

ಇಪ್ಪತ್ತಕ್ಕೂ ಹೆಚ್ಚು ಹಿರಿಯರಿರುವ ಆ ಕಟ್ಟಡದಲ್ಲಿ ರಾತ್ರಿ ಪಾಳಿಗೆ ಒಬ್ಬರೇ ಆಯಾ. ನರ್ಸಿಂಗ್ ತರಬೇತಿ ಪಡೆದವರು ಹಗಲಿಗೆ ಮಾತ್ರ. ಒಬ್ಬರನ್ನು ಬಚ್ಚಲಿಗೆ ನಡೆಸಿಕೊಂಡು ಹೋದರೆ ಉಳಿದವರೆಲ್ಲ ಆ ಹೊತ್ತಿಗೆ ದಿಕ್ಕಿಲ್ಲದವರೇ. ಯಾರನ್ನೂ ಏಳಗೊಡದಿರುವುದೊಂದೇ ಆಕೆಗೆ ಉಳಿದ ದಾರಿ. ಬೇರೆ ಕಡೆಗಳಲ್ಲಿ ಇದಕ್ಕೆ ನಿದ್ದೆ ಮಾತ್ರೆ ಕೊಡುವುದುಂಟು, ಮಂಚಕ್ಕೆ ಕಟ್ಟುವುದೂ ಉಂಟು. ಇಲ್ಲಿ ನೀರು ನಿಲ್ಲಿಸಿದ್ದಾರೆ. ಇದನ್ನು ಆಯಾ ಅವರ ತಪ್ಪೆಂದು ಬರೆದರೆ ಘೋರ ಅನ್ಯಾಯವಾದೀತು. ಮೇಲ್ವಿಚಾರಕರ ಬಗ್ಗೆ ನನಗೆ ಅಷ್ಟು ಕನಿಕರವಿಲ್ಲ. ಹೊಸದಾಗಿ ಬಂದವರಿಗೆ ದೇವರ ಮಂಟಪ, ಟಿ.ವಿ. ಕೋಣೆ, ಹೂದೋಟವನ್ನೆಲ್ಲ ತೋರಿಸುವ ಅವರು ರಾತ್ರಿ ಪಾಳಿಯ ಸಂಗತಿಯನ್ನು ತಾವಾಗಿ ಹೇಳುವುದಿಲ್ಲ.

ನಮ್ಮಲ್ಲಿ ಕಾಯ್ದೆ ಇಲ್ಲವೆಂದೇನಲ್ಲ. ಪೋಷಕರ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆ ಮಕ್ಕಳಿಂದ ಜೀವನಾಂಶ ಕೊಡಿಸುತ್ತದೆ. ಜಿಲ್ಲೆಗೊಂದಾದರೂ, ಕನಿಷ್ಠ 150 ಮಂದಿ ನಿರ್ಗತಿಕರಿಗೆ ಜಾಗವಿರುವ ವೃದ್ಧಾಶ್ರಮವನ್ನು ಸರ್ಕಾರ ತೆರೆಯಬಹುದೆನ್ನುತ್ತದೆ. ಅಲ್ಲಿನ ಸೇವೆಯ ಮಟ್ಟವನ್ನು ನಿಗದಿಪಡಿಸುವ ಅಧಿಕಾರವನ್ನೂ ಕೊಡುತ್ತದೆ. ದೂರು ಹೇಳಿಕೊಳ್ಳಲು ಹಿರಿಯರ ಸಹಾಯವಾಣಿ 14567 ಇದೆ. ಆದರೆ ಲೋಟದಷ್ಟು ನೀರಿಗಾಗಿ ಸಹಾಯವಾಣಿಗೆ ಕರೆಮಾಡುವ ಶಕ್ತಿ ದೊಡ್ಡಮ್ಮನಿಗೆಲ್ಲಿದೆ? ಅವಳ ಕೈಯಲ್ಲಿ ಫೋನೂ ಇಲ್ಲ. ಅವಳ ಪರವಾಗಿ ಕೇಳಬೇಕಾದವರು ಭಾನುವಾರ ಹಣ್ಣು ಹಿಡಿದು ಹೋಗುವ ನಾವು, ಮತ್ತು ನಾವು ಕೇಳುವುದು "ಊಟ ಚೆನ್ನಾಗಿದೆಯಾ" ಎಂದಷ್ಟೇ.

ಬುಧವಾರ ಮೇಲ್ವಿಚಾರಕರ ಎದುರು ಕೂತು ಮಾತಾಡಿದೆ. ದೊಡ್ಡಮ್ಮನ ಮಂಚದ ಪಕ್ಕಕ್ಕೆ ಕಮೋಡ್ ಕುರ್ಚಿ, ಕೈಗೆ ಸಿಗುವಂತೆ ಕರೆಗಂಟೆ, ರಾತ್ರಿಯಿಡೀ ಉರಿಯುವ ಸಣ್ಣ ದೀಪ ಇವಿಷ್ಟಕ್ಕೆ ಒಪ್ಪಿದರು. ಮೂತ್ರ ಹೋಗಲೆಂದು ಸಂಜೆ ಕೊಡುತ್ತಿದ್ದ ಮಾತ್ರೆಯನ್ನು ವೈದ್ಯರನ್ನು ಕೇಳಿ ಬೆಳಿಗ್ಗೆಗೆ ಬದಲಾಯಿಸಲಾಗಿದೆ. ಪುಸ್ತಕದಲ್ಲಿ ನೀರಿನ ಕಾಲಂ ಎಳೆಸಿದ್ದೇನೆ. ರಾತ್ರಿಗೆ ಎರಡನೆಯ ಆಯಾ ಬೇಕೆಂದಾಗ ಮಾತ್ರ ಅವರು ಲೆಕ್ಕದ ಪುಸ್ತಕ ತೆರೆದು, "ಸಂಬಳ ಎಲ್ಲಿಂದ ತರಲಮ್ಮ?" ಎಂದರು. ಎಲ್ಲ ಮನೆಯವರೂ ತಿಂಗಳಿಗೆ ಒಂದಿಷ್ಟು ಹೆಚ್ಚು ಕೊಟ್ಟರೆ ಆಗುವ ಮಾತು. ತಮ್ಮನಿಗೆ ಫೋನ್ ಮಾಡಿದೆ. "ಈಗ ಕೊಡ್ತಿರೋದು ಸಾಲದಾ ಅಕ್ಕ?" ಎಂದವನು, ಅವ್ವನ ನಾಲಿಗೆಯ ಸ್ಥಿತಿ ಕೇಳಿದ ಮೇಲೆ ಒಪ್ಪಿಕೊಂಡ. ಉಳಿದ ಮನೆಯವರ ನಂಬರುಗಳನ್ನು ಮೇಲ್ವಿಚಾರಕರು ಕೊಡಲೊಲ್ಲರು. ಹಾಗಾಗಿ ಬರುವ ಭಾನುವಾರ ಭೇಟಿಯ ಹೊತ್ತಿನಲ್ಲಿ ಗೇಟಿನ ಬಳಿ ನಿಂತು, ಬಂದವರನ್ನು ಒಬ್ಬೊಬ್ಬರಾಗಿ ನಾನೇ ಮಾತಾಡಿಸುತ್ತೇನೆ.