ಅರವತ್ತೈದರಲ್ಲಿ ಹನ್ನೆರಡು: ಬ್ಯಾಟ್‌ಮ್ಯಾನ್ ಜೊತೆ ಒಂದು ಭಾನುವಾರ

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಮಕ್ಕಳನ್ನು ಕೂರಿಸಿಕೊಂಡು 'ಬ್ಯಾಟ್‌ಮ್ಯಾನ್: ದಿ ಆನಿಮೇಟೆಡ್ ಸೀರೀಸ್' ಹಚ್ಚುವವರು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ. ಒಂದನೇ ಕಂತಿನಿಂದ ಸಾಲಾಗಿ ನೋಡಲು ಹೊರಡುವುದು. ಒಂದನೆಯದು, 'ಆನ್ ಲೆದರ್ ವಿಂಗ್ಸ್', ಚೆನ್ನಾಗಿಯೇ ಇದೆ. ನಿರ್ಮಾಣದ ಕ್ರಮದಲ್ಲಿ ಎರಡನೆಯದು ಕ್ರಿಸ್‌ಮಸ್ ಕಂತು. ನಡು ಬೇಸಿಗೆಯಲ್ಲಿ ಅದನ್ನು ನೋಡಬೇಕಾಗುತ್ತದೆ. ನಾಲ್ಕು, ಆರು ದಾಟುವ ಹೊತ್ತಿಗೆ ಮಕ್ಕಳು ಮೊಬೈಲ್ ಕಡೆ ವಾಲಿರುತ್ತಾರೆ. 'ಇದನ್ನೇ ಅಷ್ಟು ಹೊಗಳೋದಾ?' ಎಂಬ ಪ್ರಶ್ನೆ ಬಂದರೆ ಉತ್ತರಿಸುವುದು ಕಷ್ಟ.

ಹೊಗಳಿಕೆ ಸುಳ್ಳಲ್ಲ. ಆದರೆ ಮೊದಲ ಸೀಸನ್ನಿನಲ್ಲಿ ಇರುವುದು 65 ಕಂತು. ವಾರಕ್ಕೆ ಐದು ದಿನದಂತೆ 13 ವಾರಕ್ಕಾಗುವಷ್ಟು ಸರಕು ಒಟ್ಟಿಗೇ ಬೇಕೆಂಬುದು ಆಗಿನ ಅಮೆರಿಕದ ಟಿವಿ ವ್ಯಾಪಾರದ ಲೆಕ್ಕ. 1992ರ ಸೆಪ್ಟೆಂಬರ್‌ನಲ್ಲಿ ಫಾಕ್ಸ್ ಕಿಡ್ಸ್‌ನಲ್ಲಿ ಪ್ರಸಾರ ಶುರುವಾದಾಗ ಕ್ರಮವೂ ಅದಲುಬದಲಾಯಿತು. ಆ ವರ್ಷದ ಬ್ಯಾಟ್‌ಮ್ಯಾನ್ ಸಿನಿಮಾದಲ್ಲಿ ಕ್ಯಾಟ್‌ವುಮನ್ ಇದ್ದಳೆಂದು ಅವಳ ಎರಡು ಭಾಗದ ಕತೆಯ ಮೊದಲ ಭಾಗವನ್ನೇ ಮುಂದೆ ತಂದು ಹಾಕಿದರು. ಹೀಗಾಗಿ ನಿರ್ಮಾಣದ ಕ್ರಮ ಬೇರೆ, ಪ್ರಸಾರದ ಕ್ರಮ ಬೇರೆ. ಎರಡನ್ನೂ ಬಿಟ್ಟು ನಮ್ಮದೇ ಒಂದು ಕ್ರಮ ಕಟ್ಟಿಕೊಳ್ಳುವುದು ಲೇಸು. ಒಂದು ಕಂತು ಸುಮಾರು 22 ನಿಮಿಷ. ಹನ್ನೆರಡು ಕಂತಿಗೆ ನಾಲ್ಕು ಗಂಟೆ ಇಪ್ಪತ್ತನಾಲ್ಕು ನಿಮಿಷ. ಊಟ, ಕಾಫಿ, ಜಗಳ ಎಲ್ಲ ಸೇರಿಸಿದರೂ ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತದೆ.

ಒಂದು ಕಂತು ಚೆನ್ನ, ಇನ್ನೊಂದು ಸಪ್ಪೆ ಎಂಬ ಈ ಏರುಪೇರು ಎಲ್ಲಿಂದ ಬಂತೆಂದು ತಿಳಿದರೆ ಆಯ್ಕೆ ಸುಲಭ. ಕತೆ, ಧ್ವನಿ, ಸ್ಟೋರಿಬೋರ್ಡ್, ಯಾವ ಚಲನೆಗೆ ಎಷ್ಟು ಫ್ರೇಮ್ ಎಂಬ ಲೆಕ್ಕದ ಹಾಳೆ, ಇಷ್ಟು ಅಮೆರಿಕದಲ್ಲಿ ತಯಾರಾಗುತ್ತಿತ್ತು. ಚಿತ್ರ ಬಿಡಿಸುವ ಕೆಲಸ ಜಪಾನ್, ಕೊರಿಯಾ ಮೊದಲಾದ ಕಡೆಯ ಸ್ಟುಡಿಯೋಗಳದ್ದು. ಸೆಕೆಂಡಿಗೆ 24 ಫ್ರೇಮಿನಂತೆ 22 ನಿಮಿಷಕ್ಕೆ 31,680 ಫ್ರೇಮ್. ಒಂದೇ ಚಿತ್ರವನ್ನು ಎರಡು ಫ್ರೇಮಿಗೆ ನಿಲ್ಲಿಸಿದರೂ ಹದಿನಾರು ಸಾವಿರದ ಹತ್ತಿರ ಚಿತ್ರ ಬೇಕು. ಅರವತ್ತೈದು ಕಂತಿಗೆ ಇದನ್ನು ಯಾವ ಒಂದು ಸ್ಟುಡಿಯೋವೂ ಎಳೆಯಲಾರದು. ಹಂಚಲೇಬೇಕು, ಹಂಚಿದ ಮೇಲೆ ಕೈಗುಣ ಬೇರೆಯಾಗಲೇಬೇಕು. ಕಾರ್ಯಕ್ರಮ ರೂಪಿಸಿದ ಇಬ್ಬರಲ್ಲೊಬ್ಬರಾದ ಬ್ರೂಸ್ ಟಿಮ್ ಪಾತ್ರಗಳ ಗೆರೆಗಳನ್ನು ಅಷ್ಟು ಕಡಿಮೆ ಮಾಡಿದ್ದರಲ್ಲಿ ಅಂದದ ಜೊತೆ ಈ ಮುಂದಾಲೋಚನೆಯೂ ಇತ್ತು: ಗೆರೆ ಕಡಿಮೆಯಾದಷ್ಟೂ ದೂರದ ಕೈಗಳು ತಪ್ಪುವುದು ಕಡಿಮೆ. ಆದರೆ ಸರಳ ಚಿತ್ರಕ್ಕೆ ಒಂದು ಅಪಾಯವಿದೆ. ದವಡೆಯ ಗೆರೆ ಕೂದಲೆಳೆಯಷ್ಟು ಸರಿದರೂ ಬ್ಯಾಟ್‌ಮ್ಯಾನ್ ಬೇರೆ ಯಾರೋ ಆಗಿಬಿಡುತ್ತಾನೆ.

ಎಲ್ಲ ಕಂತಿಗೂ ಸಮನಾಗಿ ಸಿಕ್ಕಿದ್ದು ಮೂರು. ರೂಪಿಸಿದ ಇನ್ನೊಬ್ಬರಾದ ಎರಿಕ್ ರಡೋಮ್ಸ್ಕಿ ಹಿನ್ನೆಲೆ ಚಿತ್ರಗಳನ್ನು ಕಪ್ಪು ಕಾಗದದ ಮೇಲೆ ಬರೆಸಿದರು. ಬಿಳಿ ಕಾಗದದಲ್ಲಿ ಕತ್ತಲನ್ನು ತುಂಬಬೇಕು, ಇಲ್ಲಿ ಕತ್ತಲೆ ಮೊದಲೇ ಇದೆ, ಬೆಳಕು ಬೀಳುವಲ್ಲಿ ಮಾತ್ರ ಬಣ್ಣ ಹಚ್ಚಿದರೆ ಸಾಕು. ಧ್ವನಿ ನಿರ್ದೇಶಕಿ ಆಂಡ್ರಿಯಾ ರೊಮಾನೋ ನಟರನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರಿಸುವಂತೆ ಧ್ವನಿಮುದ್ರಿಸಿದರು. ಮೂರನೆಯದು ಶರ್ಲಿ ವಾಕರ್ ತಂಡದ ಸಂಗೀತ, ನಿಜವಾದ ವಾದ್ಯವೃಂದ ನುಡಿಸಿದ್ದು. ಹಾಗಾಗಿ ಚಿತ್ರ ಕೆಟ್ಟ ಕಂತನ್ನೂ ಕಣ್ಣು ಮುಚ್ಚಿ ಕೇಳಬಹುದು. ಕತೆ ಕೆಟ್ಟ ಕಂತಿಗೆ ಮಾತ್ರ ಮದ್ದಿಲ್ಲ.

ಮದ್ದಿಲ್ಲದ್ದಕ್ಕೆ ಉದಾಹರಣೆ ನಿರ್ಮಾಣದ ಕ್ರಮದ 13ನೇ ಕಂತು, 'ಐ ಹ್ಯಾವ್ ಗಾಟ್ ಬ್ಯಾಟ್‌ಮ್ಯಾನ್ ಇನ್ ಮೈ ಬೇಸ್‌ಮೆಂಟ್'. ಪೆಂಗ್ವಿನ್ ಎಂಬ ಖಳನ ವಿಷಾನಿಲಕ್ಕೆ ಸಿಕ್ಕ ಬ್ಯಾಟ್‌ಮ್ಯಾನ್ ಹೆಚ್ಚಿನ ಹೊತ್ತು ಪ್ರಜ್ಞೆ ತಪ್ಪಿ ಬಿದ್ದಿರುತ್ತಾನೆ, ಪತ್ತೇದಾರಿ ಹುಚ್ಚಿನ ಹುಡುಗನೊಬ್ಬ ಅವನನ್ನು ಮನೆಯ ನೆಲಮಾಳಿಗೆಯಲ್ಲಿ ಬಚ್ಚಿಡುತ್ತಾನೆ. ಮಕ್ಕಳ ಕಾರ್ಯಕ್ರಮದಲ್ಲಿ ಮಕ್ಕಳಿದ್ದರೆ ಮಕ್ಕಳಿಗೆ ಹಿಡಿಸುತ್ತದೆ ಎಂಬ ದೊಡ್ಡವರ ಎಣಿಕೆ ಇದು. ಮಕ್ಕಳು ಬ್ಯಾಟ್‌ಮ್ಯಾನ್ ನೋಡಲು ಬಂದವರು, ತಮ್ಮ ವಯಸ್ಸಿನವನು ಅವನನ್ನು ಎಳೆದಾಡುವುದನ್ನಲ್ಲ. ವಿಚಿತ್ರವೆಂದರೆ ಇದರ ಬೆನ್ನಿಗೇ ಬರುವ 14ನೆಯದು ಇಡೀ ಸೀಸನ್ನಿನ ಕಳಶ, 'ಹಾರ್ಟ್ ಆಫ್ ಐಸ್'. ದಿನವನ್ನು ಅದರಿಂದಲೇ ಶುರುಮಾಡಬೇಕು.

ಇದರ ಖಳ ಮಿಸ್ಟರ್ ಫ್ರೀಜ್ 1959ರಿಂದ ಕಾಮಿಕ್ಸ್‌ನಲ್ಲಿದ್ದವನು, ಮಂಜಿನ ಬಂದೂಕು ಹಿಡಿದ ಬರೀ ಜೋಕು. ಕತೆ ಬರೆದ ಪಾಲ್ ಡಿನಿ ಅವನಿಗೊಬ್ಬ ಹೆಂಡತಿಯನ್ನು ಕೊಟ್ಟರು: ವಾಸಿಯಾಗದ ಕಾಯಿಲೆಯ ನೋರಾ, ಔಷಧ ಸಿಗುವವರೆಗೆ ಹಿಮದಲ್ಲಿ ಮಲಗಿಸಿಟ್ಟವಳು. ಕಂಪನಿಯ ಮಾಲೀಕ ಖರ್ಚಿನ ನೆಪ ಹೇಳಿ ಪ್ರಯೋಗ ನಿಲ್ಲಿಸಿದಾಗ ಎಲ್ಲ ಮುಗಿಯಿತು. ಈ ಹಿಂಗತೆ ಎಷ್ಟು ಗಟ್ಟಿಯಾಗಿತ್ತೆಂದರೆ ಕಾಮಿಕ್ಸ್‌ನವರೇ ಆಮೇಲೆ ಇದನ್ನು ತಮ್ಮದಾಗಿಸಿಕೊಂಡರು. ಫ್ರೀಜ್‌ಗೆ ಧ್ವನಿ ಕೊಟ್ಟ ಮೈಕೆಲ್ ಅನ್ಸಾರ ಒಂದು ಸಾಲನ್ನೂ ಏರಿಸುವುದಿಲ್ಲ, ಭಾವನೆ ಹೆಪ್ಪುಗಟ್ಟಿದವನು ಕೂಗಲಾರ. ಮಕ್ಕಳಿಗೆ ಮೊದಲೇ ಒಂದು ಗುಟ್ಟು ಹೇಳಿಡಿ: ಬ್ಯಾಟ್‌ಮ್ಯಾನ್‌ಗೆ ಈ ಕಂತಿನಲ್ಲಿ ನೆಗಡಿ, ಅದನ್ನು ಗಮನಿಸಿ ಅಂತ. ಮನೆಯ ಬಟ್ಲರ್ ಆಲ್ಫ್ರೆಡ್ ಫ್ಲಾಸ್ಕಿನಲ್ಲಿ ಕಟ್ಟಿಕೊಟ್ಟ ಬಿಸಿ ಚಿಕನ್ ಸೂಪು ಕೊನೆಗೆ ಫ್ರೀಜ್‌ನ ಗಾಜಿನ ಶಿರಸ್ತ್ರಾಣಕ್ಕೆ ಬಡಿದಾಗ, ಸೀನು ಎಣಿಸುತ್ತಿದ್ದ ಮಗುವಿಗೆ ಸಿಗುವ ಖುಷಿ ಬೇರೆ.

ಆಮೇಲೆ ಮೂರು ಕಂತು ಒಟ್ಟಿಗೆ: 'ಪ್ರೆಟಿ ಪಾಯ್ಸನ್', 'ಟೂ-ಫೇಸ್' ಒಂದು ಮತ್ತು ಎರಡು. 'ಪ್ರೆಟಿ ಪಾಯ್ಸನ್' ಬಿಡುವವರು ಹೆಚ್ಚು, ಬಿಡಬಾರದು. ಸರ್ಕಾರಿ ವಕೀಲ ಹಾರ್ವಿ ಡೆಂಟ್ ಇಲ್ಲಿನ್ನೂ ಬ್ರೂಸ್ ವೇನ್‌ನ, ಅಂದರೆ ಮುಖವಾಡವಿಲ್ಲದ ಬ್ಯಾಟ್‌ಮ್ಯಾನ್‌ನ, ಗೆಳೆಯ. ಅವನ ಹೊಸ ಗೆಳತಿ ಪಮೆಲಾ, ಅಂದರೆ ಪಾಯ್ಸನ್ ಐವಿ, ಮುತ್ತಿನಲ್ಲೇ ವಿಷ ಉಣಿಸುತ್ತಾಳೆ. ಕಾರಣ ಒಂದು ಕಾಡುಗುಲಾಬಿ: ಜೈಲು ಕಟ್ಟುವಾಗ ಅದರ ನೆಲವನ್ನು ಅಗೆದು ಹಾಕಿದ್ದರು. ಮುಂದೆ ಟೂ-ಫೇಸ್ ಎಂಬ ಖಳನಾಗುವ ಹಾರ್ವಿ ಇಲ್ಲಿ ಮನಸ್ಸಿಗೆ ಹತ್ತಿರವಾದರೇ ಮುಂದಿನದು ನಾಟುವುದು. 'ಟೂ-ಫೇಸ್' ಮೊದಲ ಭಾಗದ ಚಿತ್ರ ಜಪಾನಿನ ಟಿಎಂಎಸ್ ಸ್ಟುಡಿಯೋದ್ದು, ಸೀಸನ್ನಿನ ಅತ್ಯುತ್ತಮ ಕೈ. ಮುಖ ಸುಡುವ ಮುಂಚೆಯೇ ಅವನು ಎರಡಾಗಿದ್ದ ಎಂಬುದು ಕತೆಯ ತಿರುಳು. ಚಿಕ್ಕಂದಿನಲ್ಲಿ ಪೀಡಿಸುತ್ತಿದ್ದ ಹುಡುಗನಿಗೆ ಒಮ್ಮೆ ಹೊಡೆದ. ಆ ಹುಡುಗ ಆಸ್ಪತ್ರೆ ಸೇರಿದ. ತನ್ನ ಏಟಿನಿಂದಲೇ ಹೀಗಾಯಿತೆಂದು ಹಾರ್ವಿ ಅಂದಿನಿಂದ ಸಿಟ್ಟನ್ನು ನುಂಗುತ್ತಾ ಬಂದ. ಹುಡುಗ ಸೇರಿದ್ದು ಅಪೆಂಡಿಸೈಟಿಸ್‌ಗೆ. ಸಿಟ್ಟು ಬಂದಾಗ ಬಾಯಿ ಮುಚ್ಚಿಸಿಕೊಂಡೇ ಬೆಳೆದ ಯಾವ ಮನೆಯವರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏಳು ವರ್ಷಕ್ಕಿಂತ ಚಿಕ್ಕವರು ಪಕ್ಕದಲ್ಲಿದ್ದರೆ ಮೊದಲ ಭಾಗದ ಕೊನೆಯ ಎರಡು ನಿಮಿಷ ಕೈ ಹಿಡಿದುಕೊಳ್ಳಿ, ಆ ಅರ್ಧಮುಖ ಕಾಣುವುದು ಅಲ್ಲೇ. ಎರಡನೇ ಭಾಗದಲ್ಲಿ ಚಿತ್ರ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಕತೆ ಇಳಿಯುವುದಿಲ್ಲ.

ಊಟ ಇಲ್ಲಿ.

ಊಟದ ನಂತರ ತೂಕಡಿಕೆಯ ಹೊತ್ತಿಗೆ 'ಫೀಟ್ ಆಫ್ ಕ್ಲೇ', ಎರಡು ಭಾಗ. ಮೊದಲರ್ಧ ಕೊರಿಯಾದ ಒಂದು ಸ್ಟುಡಿಯೋಗೆ ಹೋಗಿತ್ತು, ಎರಡನೆಯದು ಟಿಎಂಎಸ್‌ಗೆ. ಇಡೀ ಸೀಸನ್ನಿನ ಏರುಪೇರನ್ನು ನಲವತ್ತನಾಲ್ಕು ನಿಮಿಷದಲ್ಲಿ ನೋಡಬೇಕೆಂದರೆ ಇದೇ ಜಾಗ. ಮುಖ ಕೆಟ್ಟ ನಟ ಮ್ಯಾಟ್ ಹೇಗನ್, ಮುಖ ತಿದ್ದುವ ಕ್ರೀಮಿನ ಚಟಕ್ಕೆ ಬಿದ್ದು ಜೇಡಿಮಣ್ಣಿನ ಮುದ್ದೆಯಾಗುತ್ತಾನೆ. ಮೊದಲ ಭಾಗದಲ್ಲಿ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಮುಖದ ಅಳತೆ ಬದಲಾಗುತ್ತದೆ, ನಡಿಗೆಗೆ ತೂಕವಿಲ್ಲ. ಮಾತಿಗೆ ಕಿವಿಗೊಟ್ಟು ದಾಟಿಬಿಡಿ. ಎರಡನೇ ಭಾಗದ ಕೊನೆಯಲ್ಲಿ ಬ್ಯಾಟ್‌ಮ್ಯಾನ್ ಹೇಗನ್ ಮಾಡಿದ ಹಳೆಯ ಪಾತ್ರಗಳನ್ನು ಪರದೆಗಳ ಮೇಲೆ ಒಟ್ಟಿಗೇ ಹಚ್ಚುತ್ತಾನೆ. ಕಂಡ ಕಂಡ ಮುಖವೆಲ್ಲ ಆ ಮಣ್ಣಿನ ಮೈಯಲ್ಲಿ ಉಕ್ಕಿ, ಒಂದನ್ನೊಂದು ನುಂಗುತ್ತದೆ. ಯಕ್ಷಗಾನದ ರಾತ್ರಿಯ ಆಟದಲ್ಲಿ ಬಣ್ಣದ ವೇಷ ಬರುವಾಗ ತೂಕಡಿಸುವವರೆಲ್ಲ ಎದ್ದು ಕೂರುತ್ತಾರಲ್ಲ, ಹಾಗೆ ಇಲ್ಲಿ ಎದ್ದು ಕೂರುತ್ತಾರೆ. ಕಂಪ್ಯೂಟರ್ ಇಲ್ಲದೆ, ಕೈಯಲ್ಲಿ ಬಿಡಿಸಿದ್ದು ಅದು.

ನಂತರ ಹಗುರ ಮಾಡಲು 'ಬಿವೇರ್ ದಿ ಗ್ರೇ ಗೋಸ್ಟ್'. ಬ್ರೂಸ್ ಚಿಕ್ಕವನಿದ್ದಾಗ ಅಪ್ಪನ ಜೊತೆ ನೋಡುತ್ತಿದ್ದ ಟಿವಿ ಹೀರೋ ಗ್ರೇ ಗೋಸ್ಟ್. ಆ ಪಾತ್ರ ಮಾಡಿದ ನಟ ಈಗ ಕೆಲಸವಿಲ್ಲದೆ ಹಳೆಯ ಸಾಮಾನು ಮಾರಿ ಬದುಕುತ್ತಿದ್ದಾನೆ. ಧ್ವನಿ ಆಡಂ ವೆಸ್ಟ್ ಅವರದು, 1966ರ ಟಿವಿ ಬ್ಯಾಟ್‌ಮ್ಯಾನ್! ಇದನ್ನು ಮಕ್ಕಳಿಗೆ ಮೊದಲೇ ಹೇಳದಿದ್ದರೆ ಕಂತಿನ ಅರ್ಧ ಸ್ವಾರಸ್ಯ ಹೋಯಿತು. ಆಟಿಕೆ ಕಾರುಗಳಲ್ಲಿ ಬಾಂಬ್ ಕಳಿಸುವ ಖಳನಿಗೆ ಧ್ವನಿ ಕೊಟ್ಟವರು ಸ್ವತಃ ಬ್ರೂಸ್ ಟಿಮ್. ಕಾರ್ಯಕ್ರಮ ತನ್ನನ್ನೇ ಗೇಲಿ ಮಾಡಿಕೊಳ್ಳುವ ರೀತಿ ಇದು.

'ರಾಬಿನ್ಸ್ ರೆಕನಿಂಗ್' ಎರಡು ಭಾಗ ನೋಡುವ ಮುಂಚೆ ಸೆನ್ಸಾರ್ ವಿಷಯ ತಿಳಿದಿರಲಿ. ರಕ್ತ, ಕತ್ತು ಹಿಸುಕುವುದು, ಮಕ್ಕಳಿಗೆ ಅಪಾಯ, ಒಡೆದ ಗಾಜಿಗೆ ಮೈ ತಾಗುವುದು, ಹೀಗೆ ತೋರಿಸಬಾರದವುಗಳ ಪಟ್ಟಿ ಉದ್ದವಿತ್ತು. ಕೆಲವು ಕಂತು ಇದರಿಂದಲೇ ಸೊರಗಿದವು. ಚರಂಡಿಯೊಳಗೆ ಮಕ್ಕಳನ್ನು ಗುಲಾಮರಾಗಿಟ್ಟವನ ಕತೆ 'ದಿ ಅಂಡರ್‌ಡ್ವೆಲರ್ಸ್'ನಲ್ಲಿ ಕ್ರೌರ್ಯವನ್ನು ಎಷ್ಟು ತೆಳುಗೊಳಿಸಿದರೆಂದರೆ ಬ್ಯಾಟ್‌ಮ್ಯಾನ್‌ನ ಕೋಪಕ್ಕೆ ಆಧಾರವೇ ಉಳಿಯಲಿಲ್ಲ. ಆದರೆ ಅದೇ ಕಟ್ಟುಪಾಡು 'ರೆಕನಿಂಗ್'ಗೆ ವರವಾಯಿತು. ಸರ್ಕಸ್ಸಿನಲ್ಲಿ, ಮುಂದೆ ಬ್ಯಾಟ್‌ಮ್ಯಾನ್‌ನ ಜೊತೆಗಾರ ರಾಬಿನ್ ಆಗುವ ಹುಡುಗ ಡಿಕ್‌ನ ಅಪ್ಪ ಅಮ್ಮ ಉಯ್ಯಾಲೆಯಲ್ಲಿ ತೂಗಿ ಚೌಕಟ್ಟಿನಿಂದ ಆಚೆ ಹೋಗುತ್ತಾರೆ. ಹಿಂದಕ್ಕೆ ಬರುವುದು ತುಂಡಾದ ಹಗ್ಗ ಮಾತ್ರ. ಬೀಳುವುದನ್ನು ತೋರಿಸಿದ್ದರೆ ಇಷ್ಟು ಎದೆ ಹಿಂಡುತ್ತಿರಲಿಲ್ಲ. ರ‍್ಯಾಂಡಿ ರೋಗೆಲ್ ಬರೆದ ಈ ಮೊದಲ ಭಾಗಕ್ಕೆ 1993ರಲ್ಲಿ ಪ್ರೈಮ್‌ಟೈಮ್ ಎಮ್ಮಿ ಎಂಬ ಟಿವಿ ಪ್ರಶಸ್ತಿ ಬಂತು. ಬ್ಯಾಟ್‌ಮ್ಯಾನ್ ರಾಬಿನ್ನನನ್ನು ಗದರಿಸಿ ಮನೆಯಲ್ಲೇ ಬಿಟ್ಟು ಹೋಗುವುದೇಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಎರಡನೇ ಭಾಗದ ಕೊನೆಯ ಮಾತಿನವರೆಗೂ ಉತ್ತರ ಹೇಳಬೇಡಿ.

'ಪರ್‌ಚಾನ್ಸ್ ಟು ಡ್ರೀಮ್' ಕಾಫಿಯ ಹೊತ್ತಿಗೆ. ಬ್ರೂಸ್ ಎದ್ದಾಗ, ಅವನ ಚಿಕ್ಕಂದಿನಲ್ಲೇ ಕೊಲೆಯಾಗಿದ್ದ ಅಪ್ಪ ಅಮ್ಮ ಬದುಕಿದ್ದಾರೆ, ಬ್ಯಾಟ್‌ಮ್ಯಾನ್ ಬೇರೆ ಯಾರೋ. ಎಲ್ಲ ಸುಖವಾಗಿದೆ, ಆದರೆ ಪತ್ರಿಕೆ ತೆರೆದರೆ ಅಕ್ಷರಗಳು ಕಲಸಿಹೋಗಿವೆ. ಕನಸಿನಲ್ಲಿ ಓದಲಾಗದು ಎಂಬ ತರ್ಕದಿಂದ ಅವನು ಗುಟ್ಟು ಬಿಡಿಸುತ್ತಾನೆ. ವಿಜ್ಞಾನವಾಗಿ ಇದು ಅಷ್ಟು ಗಟ್ಟಿಯಲ್ಲ, ಕನಸಿನಲ್ಲಿ ಓದುವವರೂ ಇದ್ದಾರೆ, ಕತೆಗೆ ಸಾಕು. ಕೆವಿನ್ ಕಾನ್ರಾಯ್ ಇಲ್ಲಿ ಬ್ರೂಸ್, ಬ್ಯಾಟ್‌ಮ್ಯಾನ್, ಅಪ್ಪ ಥಾಮಸ್ ಮೂವರಿಗೂ ಧ್ವನಿಯಾಗಿದ್ದಾರೆ. ಮೂರೂ ಬೇರೆ ಗಂಟಲು ಅನ್ನಿಸುತ್ತದೆ. ಒಂದು ಎಚ್ಚರಿಕೆ: ಕನಸಿನಿಂದ ಏಳಲು ಅವನು ಗೋಪುರದಿಂದ ಜಿಗಿಯುತ್ತಾನೆ. ತೀರಾ ಚಿಕ್ಕ ಮಕ್ಕಳಿದ್ದರೆ ಈ ಕಂತನ್ನು ಎತ್ತಿಡಿ, ಎರಡು ವರ್ಷ ಬಿಟ್ಟು ನೋಡಿದರೂ ಹಳತಾಗುವುದಿಲ್ಲ.

ಉಳಿದದ್ದು ಎರಡು, ಎರಡೂ ನಗೆಯವು. 'ಜೋಕರ್ಸ್ ಫೇವರ್'ನಲ್ಲಿ ಚಾರ್ಲಿ ಕಾಲಿನ್ಸ್ ಎಂಬ ಸಾದಾ ಸಂಬಳದ ಮನುಷ್ಯ, ಆಫೀಸಿನ ಬೇಜಾರಿನಲ್ಲಿ ಹೈವೇಯಲ್ಲಿ ಅಡ್ಡ ಬಂದ ಕಾರಿನವನಿಗೆ ಬೈಯುತ್ತಾನೆ. ಕಾರಿನಲ್ಲಿದ್ದವನು ಜೋಕರ್. ಕ್ಷಮಿಸುತ್ತೇನೆ, ಯಾವತ್ತಾದರೂ ಒಂದು ಉಪಕಾರ ಮಾಡಬೇಕು ಎಂದು ಬಿಡುತ್ತಾನೆ. ಎರಡು ವರ್ಷದ ನಂತರ ಫೋನ್ ಬರುತ್ತದೆ. ಮಾರ್ಕ್ ಹ್ಯಾಮಿಲ್ ಧ್ವನಿ ಕೊಟ್ಟ ಜೋಕರ್‌ನ ನಗುವಿನಲ್ಲಿ ಹೆದರಿಕೆ ಹೇಗೆ ಬೆರೆತಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಂತಿಲ್ಲ. ಜೋಕರ್‌ನ ಜೊತೆಗಾತಿ ಹಾರ್ಲಿ ಕ್ವಿನ್ ಮೊದಲು ಕಾಣಿಸಿಕೊಂಡಿದ್ದೂ ಇಲ್ಲೇ, 1992ರ ಸೆಪ್ಟೆಂಬರ್ 11ರಂದು. ಕಾಮಿಕ್ಸ್‌ನಿಂದ ಬಂದವಳಲ್ಲ, ಇಲ್ಲಿಂದ ಕಾಮಿಕ್ಸ್‌ಗೆ ಹೋದವಳು. ಕೊನೆಯಲ್ಲಿ ಚಾರ್ಲಿ ಗಲ್ಲಿಯೊಂದರಲ್ಲಿ ಜೋಕರ್‌ನನ್ನೇ ಬಾಂಬ್ ಹಿಡಿದು ಹೆದರಿಸುತ್ತಾನೆ, ಜೋಕರ್ ಬ್ಯಾಟ್‌ಮ್ಯಾನ್‌ನನ್ನು ಕೂಗಿ ಕರೆಯುತ್ತಾನೆ! ಬಾಂಬಿನೊಳಗೆ ಇದ್ದದ್ದು ಬಣ್ಣದ ಕಾಗದದ ಚೂರು.

'ಆಲ್ಮೋಸ್ಟ್ ಗಾಟ್ ಇಮ್' ಕೊನೆಗೆ ಇರಲಿ. ಜೋಕರ್, ಪೆಂಗ್ವಿನ್, ಟೂ-ಫೇಸ್, ಐವಿ, ಕಿಲ್ಲರ್ ಕ್ರಾಕ್ ಇಸ್ಪೀಟು ಆಡುತ್ತಾ, ಬ್ಯಾಟ್‌ಮ್ಯಾನ್ ಇನ್ನೇನು ಸಿಕ್ಕೇಬಿಟ್ಟಿದ್ದ ಎಂದು ಒಬ್ಬೊಬ್ಬರೂ ಕೊಚ್ಚಿಕೊಳ್ಳುತ್ತಾರೆ. ಐವಿ ಬಂದು ಕೂತಾಗ ಟೂ-ಫೇಸ್ ಸಿಡುಕುವುದೇಕೆಂದು ಬೆಳಿಗ್ಗೆ 'ಪ್ರೆಟಿ ಪಾಯ್ಸನ್' ನೋಡಿದವರಿಗೆ ಯಾರೂ ವಿವರಿಸಬೇಕಿಲ್ಲ. ಐವಿ ಸ್ಫೋಟಿಸುವ ಕುಂಬಳಕಾಯಿ, ಟೂ-ಫೇಸ್ ದೈತ್ಯ ನಾಣ್ಯ ಎಂದೆಲ್ಲ ಹೇಳಿ ಮುಗಿಸಿದ ಮೇಲೆ ಕ್ರಾಕ್‌ನ ಸರದಿ. ಅವನ ಸಾಹಸ ಒಂದೇ ವಾಕ್ಯ: ಅವನ ಮೇಲೆ ಕಲ್ಲು ಎಸೆದೆ! ಮಕ್ಕಳು ವಾರಗಟ್ಟಲೆ ಇದನ್ನೇ ಹೇಳಿಕೊಂಡು ತಿರುಗುತ್ತಾರೆ. ಮೇಜಿನ ಸುತ್ತ ಕೂತ ಐವರಲ್ಲಿ ಒಬ್ಬ ನೋಡಲು ಕಾಣುವವನಲ್ಲ ಎಂಬುದನ್ನು ಮೊದಲೇ ಬಾಯಿಬಿಡಬೇಡಿ. ಎಲ್ಲ ಮುಗಿದು, ಮಹಡಿಯ ಮೇಲೆ ಕ್ಯಾಟ್‌ವುಮನ್ ಮನಸ್ಸಿನ ಮಾತು ಆಡಲು ಹೊರಟು, ಸದ್ದಿಗೆ ಅತ್ತ ತಿರುಗಿ ಇತ್ತ ನೋಡುವಷ್ಟರಲ್ಲಿ ಬ್ಯಾಟ್‌ಮ್ಯಾನ್ ಇರುವುದಿಲ್ಲ. ಇನ್ನೇನು ಸಿಕ್ಕೇಬಿಟ್ಟಿದ್ದ, ಅನ್ನುತ್ತಾಳೆ ಅವಳೂ.